ಹೆರಾಲ್ಡ್‌ಗೆ ಅಭ್ಯಂಜನ

ತೊಳೆದು ಒರೆಸಿ, ಕೆಲಸ ಮುಗಿಯಿತೆಂದು ಸೊಂಟ ನೆಟ್ಟಗೆ ಮಾಡಿಕೊಂಡು ನಿಂತಿದ್ದೆ. ತರಬೇತಿ ಕೊಡುತ್ತಿದ್ದವರು ಒಂದು ತೆಳು ಪ್ಲಾಸ್ಟಿಕ್ ಕವರ್ ಕೊಟ್ಟು, ‘ಇದನ್ನ ಕೈಗೆ ಹಾಕ್ಕೊಂಡು ಬಾನೆಟ್ ಸವರಿ ನೋಡಿ ಸಾರ್’ ಎಂದರು. ಬರಿಗೈಗೆ ಗಾಜಿನಷ್ಟು ನುಣ್ಣಗಿದ್ದ ಬಾನೆಟ್ ಮೇಲೆ ಈಗ ಯಾರೋ ಚಿರೋಟಿ ರವೆ ಚೆಲ್ಲಿದ ಹಾಗಿತ್ತು. ಬಣ್ಣಕ್ಕೆ ಕಚ್ಚಿಕೊಂಡ ಧೂಳು, ಬ್ರೇಕಿನ ಪುಡಿ, ಮರದ ಅಂಟು. ಸೋಪಿಗೆ ಇವು ಜಗ್ಗುವುದಿಲ್ಲ. ಕಾರು ತೊಳೆಯುವುದಕ್ಕೂ ತರಬೇತಿಯೇ ಎಂದು ನಗುತ್ತ ಬೆಂಗಳೂರಿನ ಆ ವರ್ಕ್‌ಶಾಪಿಗೆ ಹೋದವನು ಅಲ್ಲಿಗೆ ಬಾಯಿ ಮುಚ್ಚಿಕೊಂಡೆ.

ನಮ್ಮ ಮುಂದಿದ್ದದ್ದು ಹುಡ್, ಅಂದರೆ ಮೇಲಿನ ಚಾವಣಿ, ಮಡಚುವ ಕನ್ವರ್ಟಿಬಲ್ ಮಾದರಿಯ ಟ್ರಯಂಫ್ ಹೆರಾಲ್ಡ್. ಇಟಲಿಯ ಜೊವಾನಿ ಮಿಕೆಲೊಟ್ಟಿ ರೂಪಿಸಿದ ಈ ಕಾರು ಇಂಗ್ಲೆಂಡಿನಲ್ಲಿ 1959ರಲ್ಲಿ ಬಂತು, ಕನ್ವರ್ಟಿಬಲ್ ಮರುವರ್ಷ. ನಮ್ಮಲ್ಲಿ ಮದ್ರಾಸಿನ ಕಾರ್ಖಾನೆ ಇದನ್ನೇ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂದು ಮಾರಿತು. ಮಡ್‌ಗಾರ್ಡ್ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗಿ ತೆರೆದುಕೊಳ್ಳುವ ಬಾನೆಟ್ ನೆನಪಿರುವವರು ಇನ್ನೂ ಇದ್ದಾರೆ. ಇಂಥ ಕಾರಿಗೆ ಕೊಳೆಗಿಂತ ನೀರೇ ದೊಡ್ಡ ಶತ್ರು. ಒಳಗೆ ಸೇರಿದ ಒಂದು ಲೋಟ ನೀರು ಕಾರ್ಪೆಟ್ಟಿನ ಅಡಿ ಕೂತು, ತಳದ ತಗಡನ್ನು ಸದ್ದಿಲ್ಲದೆ ತಿನ್ನುತ್ತದೆ.

ಮೊದಲು ಸೋರುವ ಜಾಗ ಹುಡುಕಿ

ಕಾರು ನೆರಳಿನಲ್ಲಿರಲಿ, ಎಂಜಿನ್ ತಣ್ಣಗಿರಲಿ. ಹುಡ್ ಎಳೆದು ಕೊಕ್ಕೆ ಹಾಕಿ, ಕಿಟಕಿ ಏರಿಸಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗಿನಿಂದ ಮಗ್ಗಿನಲ್ಲಿ ನಿಧಾನಕ್ಕೆ ನೀರು ಬಿಡಬೇಕು. ಗಟ್ಟಿಯಾಗಿ ಬಿರುಕುಬಿಟ್ಟ ರಬ್ಬರ್ ಬೀಡಿಂಗ್ ಎಲ್ಲಿದೆಯೋ ಅಲ್ಲೇ ಹನಿ ಕಾಣಿಸುತ್ತದೆ. ಆ ಜಾಗಕ್ಕೆ ಟೇಪ್ ಅಂಟಿಸಿ ಮುಂದುವರಿಯಿರಿ. ಬಾಗಿಲುಗಳ ತಳದಂಚಿನಲ್ಲಿ ನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವೆ, ಮಣ್ಣು ತುಂಬಿದ್ದರೆ ಉರಿದು ಮುಗಿದ ಊದುಬತ್ತಿ ಕಡ್ಡಿ ಸಾಕು. ತಂತಿ ಬೇಡ, ಬಣ್ಣ ಕೆರೆದರೆ ತುಕ್ಕಿಗೆ ನೀವೇ ಬಾಗಿಲು ತೆರೆದಂತೆ.

ಹುಡ್ ಮತ್ತು ಹಿಂದಿನ ಕಿಟಕಿ

ವಾಟರ್ ಸರ್ವೀಸ್ ಅಂಗಡಿಯ ಪ್ರೆಶರ್ ಗನ್ನು ಹುಡ್ಡಿನ ಹತ್ತಿರ ಬರಲೇಬಾರದು. ಹೊಲಿಗೆಯ ತೂತುಗಳಿಂದ ನೀರು ಒಳನುಗ್ಗುತ್ತದೆ, ಹಳೆಯ ದಾರ ಬಿಟ್ಟುಕೊಳ್ಳುತ್ತದೆ. ಒಣ ಮೆತ್ತನೆ ಬ್ರಷ್ಷಿನಲ್ಲಿ ಧೂಳು ತೆಗೆದು, ಉಗುರುಬೆಚ್ಚನೆ ನೀರಿಗೆ ಸ್ವಲ್ಪ ಕಾರ್ ಶಾಂಪೂ ಹಾಕಿ, ಒಂದು ಮೊಳದಷ್ಟು ಜಾಗ ಉಜ್ಜಿ, ಮಗ್ಗಿನಿಂದ ನೀರು ಬಿಟ್ಟು ತೊಳೆದು, ಮುಂದಿನ ಮೊಳಕ್ಕೆ ಹೋಗಿ. ಹುಡ್ ರೆಕ್ಸಿನ್ನಿನದಾದರೆ ಇಷ್ಟೇ. ಬಟ್ಟೆಯದಾದರೆ ಪೂರ್ತಿ ಒಣಗಿದ ಮೇಲೆ, ನೀರು ಹೀರದಂತೆ ತಡೆಯುವ ಸ್ಪ್ರೇ ಒಂದು ಕೈ ಹೊಡೆಯಬೇಕು.

ಹಿಂದಿನ ಪ್ಲಾಸ್ಟಿಕ್ ಕಿಟಕಿಯ ವಿಷಯದಲ್ಲಿ ನಾನು ಅನುಭವಸ್ಥ. ಮಾವನವರ ಕಾರಿನ ಕಿಟಕಿಯ ಧೂಳನ್ನು ಒಮ್ಮೆ ಒಣ ಬನಿಯನ್ ಬಟ್ಟೆಯಲ್ಲಿ ಒರೆಸಿದ್ದೆ. ಬಿಸಿಲಿಗೆ ಹಿಡಿದಾಗ ಜೇಡರ ಬಲೆಯ ಹಾಗೆ ಗೀರುಗಳು. ಮಾವನವರು ಏನೂ ಅನ್ನಲಿಲ್ಲ. ಹೊಸ ಪ್ಲಾಸ್ಟಿಕ್ ಹೊಲಿಸಿ, ಕುಷನ್ ಅಂಗಡಿಯ ಬಿಲ್ಲನ್ನು ನನ್ನ ಚಪ್ಪಲಿಯ ಪಕ್ಕ ಇಟ್ಟುಹೋದರು. ಧಾರಾಳ ನೀರು ಹರಿಸಿ, ಬರಿಗೈಯಲ್ಲೇ ಸವರಿ ಮಣ್ಣು ಇಳಿಸಿ, ಆಮೇಲೆ ಒದ್ದೆ ಮೈಕ್ರೋಫೈಬರ್ ಬಟ್ಟೆಯನ್ನು ಒಂದೇ ದಿಕ್ಕಿಗೆ ಎಳೆಯಬೇಕು ಎಂಬುದನ್ನು ಕಲಿತದ್ದು ಆಮೇಲೆ.

ಎರಡು ಬಕೆಟ್

ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಕಾರಿಗೆ ಉಜ್ಜಿದ ಕೈಗವಸನ್ನು ಬರೀ ನೀರಿನಲ್ಲಿ ಜಾಲಾಡಿಸಿದ ಮೇಲೆಯೇ ಶಾಂಪೂವಿಗೆ ಅದ್ದಬೇಕು. ಮೇಲಿನಿಂದ ಕೆಳಕ್ಕೆ, ನೇರ ಗೆರೆಯಲ್ಲಿ. ಚಕ್ರಗಳಿಗೆ ಬೇರೆ ಬಟ್ಟೆ, ಅವು ಕೊನೆಗೆ. ಬಟ್ಟೆ ಒಗೆಯುವ ಪುಡಿ ಬೇಡ, ಅದು ಬಣ್ಣಕ್ಕೆ ಹಚ್ಚಿದ ಮೇಣವನ್ನೂ ತೊಳೆದುಬಿಡುತ್ತದೆ.

ಬೋರ್‌ವೆಲ್ ನೀರಿನ ಗಡಸುತನ ಒಣಗಿದ ಮೇಲೆ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ. ನಲ್ಲಿ ನೀರು ಹಿಡಿಯೋಣವೆಂದರೆ, ಕುಡಿಯುವ ನೀರಲ್ಲಿ ವಾಹನ ತೊಳೆದರೆ ₹5,000 ದಂಡ ಎಂದು ಜಲಮಂಡಳಿ 2024ರ ಮಾರ್ಚ್‌ನಲ್ಲೇ ಹೇಳಿದೆ. ನೆಲದಡಿಯ ಸಂಪಿನಲ್ಲಿ ಹಿಡಿದಿಟ್ಟ ಮಳೆನೀರು ಇದ್ದವರೇ ಪುಣ್ಯವಂತರು. ಅದು ಮೆದು ನೀರು, ಕಲೆ ಉಳಿಸುವುದಿಲ್ಲ.

ಜೇಡಿ, ಪಾಲಿಶ್, ಮೇಣ

ಕವರಿನ ಕೈಗೆ ಸಿಕ್ಕಿದ ಆ ರವೆ ಹೋಗಲು ಕ್ಲೇ ಬಾರ್ ಬೇಕು. ಮೆತ್ತನೆ ಜೇಡಿಯಂಥ ಈ ಉಂಡೆಯನ್ನು ತಟ್ಟಿ ಬಿಲ್ಲೆ ಮಾಡಿ, ಶಾಂಪೂ ನೀರು ಚಿಮುಕಿಸಿ, ಭಾರ ಹಾಕದೆ ಜಾರಿಸಬೇಕು. ಕೆಳಗೆ ಬಿದ್ದ ಬಿಲ್ಲೆಯನ್ನು ಮತ್ತೆ ಮುಟ್ಟದೆ ಎಸೆಯಿರಿ, ಎಷ್ಟೇ ದುಬಾರಿಯಾಗಿರಲಿ.

ಪಾಲಿಶ್‌ಗೆ ನಮ್ಮನ್ನು ಕಾರಿನ ಹತ್ತಿರ ಬಿಡಲೇ ಇಲ್ಲ. ಗುಜರಿಯಿಂದ ತಂದ ಬಾಗಿಲೊಂದನ್ನು ಬೆಂಚಿನ ಮೇಲೆ ಮಲಗಿಸಿ, ‘ಬಣ್ಣ ಹರಿಯೋವರೆಗೂ ಉಜ್ಜಿ’ ಎಂದರು. ಮೆಷಿನ್ ಅಂಚಿಗೆ ತಾಗಿದ್ದೇ ತಡ, ಕೆಂಪು ಸವೆದು ಅಡಿಬಣ್ಣವಾದ ಪ್ರೈಮರಿನ ಬೂದು ಗೆರೆ ಹಲ್ಲು ಕಿರಿಯಿತು. ಎಷ್ಟು ಬೇಗ ಎಂದು ಎಲ್ಲರ ಕೈಗೂ ಗೊತ್ತಾಗಲಿ ಎಂಬುದೇ ಅವರ ಉದ್ದೇಶ. ಹಳೆಯ ಬಣ್ಣದ ಮೇಲೆ ಈಗಿನ ಕಾರುಗಳಂತೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುವುದಿಲ್ಲ, ಆದ್ದರಿಂದ ಬಟ್ಟೆಗೆ ಬಣ್ಣ ಹತ್ತುವುದು ಸಹಜ, ಗಾಬರಿ ಬೇಡ. ಆದರೆ ಹೋಗುತ್ತಿರುವುದು ಬಣ್ಣವೇ ಎಂಬ ಎಚ್ಚರವಿರಲಿ. ಅಂಚು, ಏಣುಗಳಿಗೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿ, ಅತಿ ಮೃದುವಾದ ಪಾಲಿಶ್‌ನಿಂದ ಶುರುಮಾಡಿ. ಹೊಳಪು ಬಂದಲ್ಲಿಗೆ ಕೈ ತೆಗೆಯಿರಿ. ಕೊನೆಗೆ ಕಾರ್ನೌಬಾ ಮೇಣ, ತೆಳ್ಳಗೆ. ಬ್ರೆಜಿಲ್‌ನ ಒಂದು ಜಾತಿಯ ತಾಳೆ ಎಲೆಯಿಂದ ಸಿಗುವ ಮೇಣ ಅದು.

ಎಂಜಿನ್ನಿಗೆ ಡೀಸೆಲ್ ಹೊಡೆಸುವ ಹಳೇ ರೂಢಿ ಬಿಡಿ, ರಬ್ಬರ್ ಪೈಪು ಉಬ್ಬುತ್ತದೆ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್‌ಗಳಿಗೆ ಕವರ್ ಕಟ್ಟಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಒಣಗಿಸುವುದಕ್ಕೆ ಅರ್ಧ ದಿನ

ಬೇಜಾರಿನ ಕೆಲಸ, ಬಹಳ ಜನ ಕೈಬಿಡುವುದೂ ಇಲ್ಲಿಯೇ. ಬಾಗಿಲು, ಡಿಕ್ಕಿ, ಬಾನೆಟ್ ಎಲ್ಲ ತೆರೆದಿಡಿ. ಕ್ರೋಮ್ ಪಟ್ಟಿಗಳ ಸಂದಿಯ ನೀರನ್ನು ಬ್ಲೋವರ್‌ನಿಂದ ಊದಿ ತೆಗೆಯಿರಿ. ಡ್ರಮ್ ಬ್ರೇಕ್ ಒದ್ದೆಯಾಗಿದ್ದರೆ ಸರಿಯಾಗಿ ಹಿಡಿಯುವುದಿಲ್ಲ, ಹಾಗೇ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದರೆ ಅಂಟಿಕೊಳ್ಳಲೂಬಹುದು. ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಒಂದು ಸುತ್ತು ಹೋಗಿ, ಬ್ರೇಕನ್ನು ಹಗುರಾಗಿ ನಾಲ್ಕೈದು ಸಲ ಒತ್ತಿ, ಮನೆಗೆ ತಂದು ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಹುಡ್ಡನ್ನು ಅಂದೇ ಮಡಚಬೇಡಿ. ಒದ್ದೆ ಮಡಿಕೆಯಲ್ಲಿ ಬೂಷ್ಟು ಹಿಡಿದರೆ ಕಲೆಯೂ ಹೋಗದು, ವಾಸನೆಯೂ ಹೋಗದು. ರಾತ್ರಿ ಕಾರ್ಪೆಟ್ ಎತ್ತಿ, ಅಡಿಗೆ ಹಳೇ ಪೇಪರ್ ಹಾಸಿ ಮಲಗಿ. ಬೆಳಿಗ್ಗೆ ಹಾಳೆ ಗರಿಗರಿಯಾಗಿ ಸದ್ದು ಮಾಡಿದರೆ ಹುಡ್ ಇಳಿಸಬಹುದು. ಮೆತ್ತಗಾಗಿದ್ದರೆ ಹಾಳೆ ಬದಲಿಸಿ, ಇನ್ನೊಂದು ದಿನ ಕಾಯಿರಿ.