ಹ್ಯಾಂಡಲ್‌ಬಾರ್ ರೈಸರ್ ಕೂರಿಸುವ ಮುನ್ನ ಕೇಬಲ್ ನೋಡಿ

ರೈಸರ್ (ಹ್ಯಾಂಡಲ್ ಅನ್ನು ಮೇಲೆತ್ತಲು ಅದರ ಕೆಳಗೆ ಕೂರಿಸುವ ತುಂಡು) ಎಷ್ಟು ಎತ್ತರದ್ದಿರಬೇಕು ಅನ್ನೋದನ್ನು ನಿರ್ಧರಿಸುವುದು ನಿಮ್ಮ ಬೆನ್ನಲ್ಲ, ಬ್ರೇಕ್ ಹೋಸ್, ಅಂದರೆ ಬ್ರೇಕ್ ಆಯಿಲ್ ಹರಿಯುವ ಪೈಪು. 20–25 ಮಿ.ಮೀ. ಎತ್ತರಿಸಿದರೆ ಬಹಳಷ್ಟು ಟೂರಿಂಗ್ ಬೈಕ್‌ಗಳಲ್ಲಿ ಹಳೆಯ ಕೇಬಲ್, ಹೋಸ್‌ಗಳೇ ಸಾಕಾಗುತ್ತವೆ. ಅದಕ್ಕಿಂತ ಎತ್ತರ ಬೇಕಿದ್ದರೆ ಉದ್ದದ ಹೋಸ್‌ಗೂ ಸಿದ್ಧರಾಗಿ.

ಟ್ಯಾಂಕ್ ಮೇಲೆ ದಪ್ಪ ಬಟ್ಟೆ ಹಾಸಿ. ಹ್ಯಾಂಡಲ್ ತನ್ನನ್ನು ಹಿಡಿದಿರುವ ಕ್ಲ್ಯಾಂಪ್‌ನೊಳಗೆ ಎಷ್ಟು ತಿರುಗಿತ್ತು ಅನ್ನೋದಕ್ಕೆ ಟೇಪ್ ಅಂಟಿಸಿ ಗುರುತು ಮಾಡಿ. ಕ್ಲ್ಯಾಂಪ್ ಬೋಲ್ಟ್ ಬಿಚ್ಚಿದ ಮೇಲೆ ಹ್ಯಾಂಡಲ್ ಅನ್ನು ಹೋಸ್‌ನಲ್ಲಿ ನೇತಾಡಲು ಬಿಡಬೇಡಿ. ಬ್ರೇಕ್ ಆಯಿಲ್ ಡಬ್ಬಿ ನೆಟ್ಟಗೇ ಇರಲಿ, ಮಗುಚಿದರೆ ಲೈನಿನೊಳಗೆ ಗಾಳಿ ಸೇರಬಹುದು.

ರೈಸರ್ ಜೊತೆ ಬಂದ ಉದ್ದದ ಬೋಲ್ಟ್‌ಗಳನ್ನೇ ಬಳಸಿ. ಎಂ8 (8 ಮಿ.ಮೀ. ದಪ್ಪದ) ಬೋಲ್ಟ್ ಕನಿಷ್ಠ 12 ಮಿ.ಮೀ. ಥ್ರೆಡ್‌ನೊಳಗೆ ಇಳಿಯಬೇಕು, ಹಳೆಯದರಲ್ಲೇ ಅಡ್ಜಸ್ಟ್ ಮಾಡಿದರೆ ಥ್ರೆಡ್ ಕಿತ್ತುಬರುತ್ತದೆ. ಬಿಗಿಯುವ ಕ್ರಮ, ಟಾರ್ಕ್ (ಎಷ್ಟು ಬಲದಿಂದ ಬಿಗಿಯಬೇಕು ಅನ್ನೋ ಅಳತೆ) ಎರಡನ್ನೂ ಮ್ಯಾನ್ಯುಯಲ್ ನೋಡಿಯೇ ಮಾಡಿ. ಕೆಲವು ಕ್ಲ್ಯಾಂಪ್‌ಗಳಲ್ಲಿ ಮುಂದಿನ ಬೋಲ್ಟ್ ಪೂರ್ತಿ ಬಿಗಿದು ಹಿಂದೆ ಸಂದಿ ಉಳಿಯುವುದೇ ಸರಿ, ಅದನ್ನು ಮುಚ್ಚಲು ಹೋದರೆ ಕ್ಲ್ಯಾಂಪ್ ಸೀಳುತ್ತದೆ.

ಈಗ ಅಸಲಿ ಪರೀಕ್ಷೆ. ಬೈಕ್ ನ್ಯೂಟ್ರಲ್‌ನಲ್ಲಿರಲಿ, ಎಂಜಿನ್ ಐಡಲ್‌ನಲ್ಲಿಟ್ಟು ಹ್ಯಾಂಡಲ್ ಅನ್ನು ಎರಡೂ ಕಡೆ ಕೊನೆತನಕ ತಿರುಗಿಸಿ. ಆರ್‌ಪಿಎಂ ಏರಿದರೆ ಥ್ರಾಟಲ್ ಕೇಬಲ್ ಎಳೆಯುತ್ತಿದೆ ಎಂದರ್ಥ. ಹಾಗೇ ಓಡಿಸಿದರೆ ಯೂ-ಟರ್ನ್‌ನಲ್ಲಿ ಬೈಕ್ ತಾನಾಗಿ ಮುನ್ನುಗ್ಗುತ್ತದೆ. ಕ್ಲಚ್ ಫ್ರೀಪ್ಲೇ (ಲಿವರ್‌ನಲ್ಲಿರಬೇಕಾದ ಸಡಿಲ) ಮತ್ತೆ ಸೆಟ್ ಮಾಡಿ. ಸ್ವಿಚ್ ವೈರುಗಳು ಬಿಗಿದಿದ್ದರೆ ಅವನ್ನು ಕಟ್ಟಿರುವ ಒಂದು ಪ್ಲಾಸ್ಟಿಕ್ ಟೈ ಕತ್ತರಿಸಿದರೆ ಸಾಕಾಗಬಹುದು. ಮೊದಲ ದಿನದ ಓಟದ ನಂತರ ಬೋಲ್ಟ್‌ಗಳ ಟಾರ್ಕ್ ಇನ್ನೊಮ್ಮೆ ನೋಡಿ.