ಗೆಳೆಯ ಹಾಡಲಿ, ನೀವು ಶೂಟ್ ಮಾಡಿ: ಮಂಡ್ಯ ಸುತ್ತ ಕಡಿಮೆ ಖರ್ಚಿನ ವಿಡಿಯೊ

ಹಾಡಿನ ಫೈನಲ್ ಆಡಿಯೊ ಕೈಗೆ ಬಂದ ಮೇಲೇ ಹೊರಡಿ. ಸ್ಪಾಟ್‌ನಲ್ಲಿ ಬ್ಲೂಟೂತ್ ಸ್ಪೀಕರ್‌ನಲ್ಲಿ ಅದನ್ನು ಜೋರಾಗಿ ಹಾಕಿ. ಗೆಳೆಯ ಸುಮ್ನೆ ತುಟಿ ಆಡಿಸೋದು ಬೇಡ, ಬಾಯಿಬಿಟ್ಟು ಹಾಡಲಿ, ಇಲ್ಲದಿದ್ದರೆ ನಟನೆ ಅಂತ ಮುಖದಲ್ಲೇ ಗೊತ್ತಾಗುತ್ತದೆ.

ಕ್ಯಾಮೆರಾ ಬಾಡಿಗೆ ಯಾಕೆ? ಮೊಬೈಲ್ ಸಾಕು. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ, ಎಕ್ಸ್‌ಪೋಶರ್ (ಬೆಳಕಿನ ಮಟ್ಟ) ಲಾಕ್ ಮಾಡಿ. ನಮ್ಮ ಕರೆಂಟು 50 ಹರ್ಟ್ಸ್ ಅಲ್ವಾ, ಹಾಗಾಗಿ ಈ ಶಟರ್‌ನಲ್ಲಿ ರಾತ್ರಿ ಅಂಗಡಿ ಲೈಟುಗಳು ಮಿನುಗುವುದಿಲ್ಲ. ಹಗಲಲ್ಲಿ ಮಾತ್ರ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕು.

ಸ್ಲೋ ಮೋಷನ್‌ಗೆ ಒಂದು ಉಪಾಯ: ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ ಹಾಡಿಸಿ, 50 ಫ್ರೇಮ್‌ನಲ್ಲಿ ತೆಗೆಯಿರಿ, ಎಡಿಟಿಂಗ್‌ನಲ್ಲಿ ಅರ್ಧ ವೇಗಕ್ಕೆ ಇಳಿಸಿದರೆ ಕೂದಲು ನಿಧಾನಕ್ಕೆ ಹಾರುತ್ತದೆ, ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂರುತ್ತದೆ. ಶೂಟಿಂಗ್ ನೋಡೋರಿಗೆ ಹುಚ್ಚು ವೇಗದ ಆ ಹಾಡು ಕೇಳಿ ನಗು ಬರುತ್ತದೆ, ಬರಲಿ ಬಿಡಿ.

ಜಾಗಕ್ಕೇನು ಬರ? ಬೆಳಗ್ಗೆ ಮೇಲುಕೋಟೆ ಬೆಟ್ಟ, ಸಂಜೆ ತೊಣ್ಣೂರು ಕೆರೆ. ನನಗೆ ಜಾಸ್ತಿ ಇಷ್ಟ ಆಲೆಮನೆ: ಹಬೆ, ಹೊಗೆ, ಒಲೆಯ ಬೆಂಕಿ, ಎಲ್ಲವೂ ಪುಕ್ಕಟೆ ಎಫೆಕ್ಟು. ಯಜಮಾನರನ್ನು ಮೊದಲೇ ಕೇಳಿ, ಕೊಪ್ಪರಿಗೆಯಿಂದ ದೂರ ನಿಲ್ಲಿ. ಶ್ರೀರಂಗಪಟ್ಟಣದ ಸಂರಕ್ಷಿತ ಸ್ಮಾರಕಗಳಲ್ಲಿ ಶೂಟಿಂಗ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು.