ಬೆಳಗಿನ ಬ್ಯಾಕಪ್ಪಿಗೆ ಕಡಿವಾಣ ಹಾಕಿದ್ದು

ನಮ್ಮೂರ ಹಾಲಿನ ಡೇರಿಯ ಲೆಕ್ಕವೆಲ್ಲ ಇರುವುದು ಒಂದು ಲಿನಕ್ಸ್ ವರ್ಚುವಲ್ ಮೆಷಿನ್‌ನಲ್ಲಿ. ಅಂದರೆ ನಿಜವಾದ ಕಂಪ್ಯೂಟರಿನೊಳಗೆ (ಅದೇ ಹೋಸ್ಟ್) ತಂತ್ರಾಂಶದಿಂದ ಓಡುವ ಇನ್ನೊಂದು ಕಂಪ್ಯೂಟರ್. ಅದನ್ನು ನೋಡಿಕೊಳ್ಳುವವನು ನಾನು. ಕೆಲವು ತಿಂಗಳು ಬೆಳಗ್ಗೆ 6 ಗಂಟೆಗೆ ಸರಿಯಾಗಿ ಚೀಟಿ ಬರುವುದೇ ನಿಲ್ಲುತ್ತಿತ್ತು. ತೂಕ ಆಗಿದೆ, ಫ್ಯಾಟ್ ಬಂದಿದೆ, ಪರದೆ ಮಾತ್ರ ಅಲ್ಲಾಡುತ್ತಿಲ್ಲ. ಕ್ಯಾನ್ ಹಿಡಿದು ನಿಂತವರ ಸಾಲು ರಸ್ತೆವರೆಗೆ. ಅವರಿಗೆ ಮನೆಯಲ್ಲಿ ನೂರು ಕೆಲಸ ಇರುತ್ತದೆ, ನೋಡಿ ಸಂಕಟ ಆಗುತ್ತಿತ್ತು.

ಕಾರಣ ಬ್ಯಾಕಪ್. ಕರೆಂಟಿನ ಭರವಸೆ ಇಲ್ಲದ್ದರಿಂದ ರಾತ್ರಿ ಮೆಷಿನ್ ಆಫ್ ಮಾಡುತ್ತೇವೆ. ರಾತ್ರಿ ತಪ್ಪಿದ ಬ್ಯಾಕಪ್ ಬೆಳಗ್ಗೆ ಆನ್ ಮಾಡಿದ ಕೂಡಲೇ ಶುರುವಾಗುತ್ತದೆ. ಸುಮಾರು 40 ಜಿಬಿ, ಅದೂ ತಿರುಗುವ ಹಾರ್ಡ್‌ಡಿಸ್ಕ್ ಮೇಲೆ. ಹಗಲಿಗೆ ತಳ್ಳೋಣ ಅಂದರೆ ಆಗಲೂ ಯಾರಾದರೂ ಬಿಲ್ಲು ಮಾಡುತ್ತಲೇ ಇರುತ್ತಾರೆ.

ಮೊದಲು ಹೋಸ್ಟ್ ಕಡೆಯಿಂದಲೇ ವರ್ಚುವಲ್ ಡಿಸ್ಕಿನ ವೇಗ ಇಳಿಸಿದೆ. ಅದು ಇಡೀ ಮೆಷಿನ್‌ಗೆ ಬೀಳುವ ಮಿತಿ. ಬ್ಯಾಕಪ್ ಜೊತೆಗೆ ಚೀಟಿಯೂ ಇನ್ನಷ್ಟು ನಿಧಾನವಾಯಿತು. ಆಮೇಲೆ ಒಳಗೆ ಐಒನೈಸ್ ಹಾಕಿದೆ, ಡಿಸ್ಕಿನ ಸರದಿಯಲ್ಲಿ ಒಂದು ಕೆಲಸವನ್ನು ಹಿಂದಕ್ಕೆ ತಳ್ಳುವ ಆಜ್ಞೆ ಅದು. ಏನೂ ಬದಲಾಗಲಿಲ್ಲ. ಯಾರ ಕೆಲಸ ಮೊದಲು ಅಂತ ತೀರ್ಮಾನಿಸುವ ಡಿಸ್ಕಿನ ಶೆಡ್ಯೂಲರ್ ನೋಡಿದರೆ ‘ನನ್’ (none), ಅಂದರೆ ಯಾವುದೂ ಇಲ್ಲ ಅಂತಿತ್ತು. ಐಒನೈಸ್ ಹೇಳಿದ್ದನ್ನು ಬಿಎಫ್‌ಕ್ಯೂನಂಥ ಶೆಡ್ಯೂಲರ್ ಇದ್ದರೆ ತಾನೇ ಕೇಳುವುದು!

ಕೊನೆಗೆ ಕೈಹಿಡಿದದ್ದು ಸಿಗ್ರೂಪ್, ಪ್ರೋಗ್ರಾಂಗಳ ಒಂದೊಂದು ಗುಂಪಿಗೂ ಬೇರೆ ಬೇರೆ ಮಿತಿ ಹಾಕುವ ಲಿನಕ್ಸ್ ಸೌಲಭ್ಯ. ಇಲ್ಲಿ ಹಳೆಯದು, ಹೊಸದು ನೋಡಿಕೊಳ್ಳಬೇಕು. ಪ್ರೋಗ್ರಾಂ ಬರೆದದ್ದು ಮೊದಲು ರ‍್ಯಾಮ್‌ನಲ್ಲಿ ಕೂರುತ್ತದೆ. ಡಿಸ್ಕಿಗೆ ಇಳಿಸುವುದು ಆಮೇಲೆ, ಅದೂ ಕರ್ನಲ್ಲಿನ (ಲಿನಕ್ಸ್‌ನ ತಿರುಳು) ಬೇರೆ ಥ್ರೆಡ್. ಹಳೆಯ ಮೊದಲ ಆವೃತ್ತಿಗೆ ಆ ಬರಹ ಯಾರದ್ದು ಅಂತ ತಿಳಿಯುವುದಿಲ್ಲ, ಹಾಗಾಗಿ ಮಿತಿ ತಾಗುವುದೇ ಇಲ್ಲ. 2016ರಲ್ಲಿ ಕರ್ನಲ್ 4.5ರ ಜೊತೆ ಅಧಿಕೃತವಾದ ಎರಡನೇ ಆವೃತ್ತಿ ಮೆಮೊರಿ ಮತ್ತು ಐಒ (ಡಿಸ್ಕಿನ ಓದು-ಬರಹ) ಲೆಕ್ಕವನ್ನು ಜೋಡಿಸಿ, ಬರೆದವರ ಖಾತೆಗೇ ಹಾಕುತ್ತದೆ. ಫೈಲ್‌ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಕೂಡ ಒಪ್ಪಬೇಕು; ನಮ್ಮದು ಇಎಕ್ಸ್‌ಟಿ4, ತೊಂದರೆ ಇರಲಿಲ್ಲ.

ಬ್ಯಾಕಪ್ಪಿನ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಕೆಲಸಗಳನ್ನು ಶುರು ಮಾಡಿಸುವ ವ್ಯವಸ್ಥೆ) ಸರ್ವಿಸ್ ಫೈಲಿನಲ್ಲಿ ‘ಐಒ ರೈಟ್ ಬ್ಯಾಂಡ್‌ವಿಡ್ತ್ ಮ್ಯಾಕ್ಸ್’ ಸಾಲು ಸೇರಿಸಿ, ಡಿಸ್ಕಿನ ಹೆಸರು, ಪಕ್ಕದಲ್ಲಿ 20ಎಂ (ಸೆಕೆಂಡಿಗೆ 20 ಎಂಬಿ) ಅಂತ ಬರೆದೆ. ಡಿಸ್ಕ್ ಅಂದರೆ ಪೂರ್ತಿ ಡಿಸ್ಕ್, ಪಾರ್ಟಿಷನ್ ಅಲ್ಲ. ‘ಮೆಮೊರಿ ಹೈ’ಗೆ 512ಎಂ ಕೊಟ್ಟೆ, ರ‍್ಯಾಮ್ ತುಂಬಾ ಬ್ಯಾಕಪ್ಪೇ ತುಂಬಿಕೊಳ್ಳಬಾರದು ಅಲ್ವಾ.

ಪರೀಕ್ಷೆಗೆ ಇದೇ ಮಿತಿಯೊಳಗೆ ಡಿಡಿ ಎಂಬ ನಕಲು ಮಾಡುವ ಆಜ್ಞೆಯಿಂದ 1 ಜಿಬಿ ಬರೆಸಿದೆ. ಸುಮ್ನೆ ಓಡಿಸಿದರೆ ಕೊನೆಯ ಒಂದಷ್ಟನ್ನು ರ‍್ಯಾಮ್‌ಗೇ ಬರೆದು ಮುಗಿಯಿತು ಅಂದು ನಿಜಕ್ಕಿಂತ ಹೆಚ್ಚು ವೇಗ ತೋರಿಸುತ್ತದೆ, ಅದನ್ನು ನಂಬಬೇಡಿ. ಕೊನೆಗೆ ಎಫ್‌ಸಿಂಕ್ (ಬರೆದದ್ದೆಲ್ಲ ಡಿಸ್ಕಿಗೆ ಇಳಿಯುವವರೆಗೆ ಕಾಯುವುದು) ಮಾಡಿಸಿದಾಗ ಸುಮಾರು 54 ಸೆಕೆಂಡು ಹಿಡಿಯಿತು. ಪಕ್ಕದ ಟರ್ಮಿನಲ್‌ನಲ್ಲಿ ಡಿಸ್ಕಿನ ವೇಗ ತೋರಿಸುವ ಐಒಸ್ಟ್ಯಾಟ್ ಸೆಕೆಂಡಿಗೆ 20 ಎಂಬಿಯ ಆಸುಪಾಸಿನಲ್ಲೇ ಇತ್ತು. ಸಿಗ್ರೂಪಿನ ‘ಐಒ.ಮ್ಯಾಕ್ಸ್’ ಫೈಲಿನಲ್ಲಿ ಕಂಡದ್ದು 20000000. ಸಿಸ್ಟಮ್‌ಡಿ ಇಲ್ಲಿ ಸಾವಿರದ ಲೆಕ್ಕ ಹಿಡಿಯುತ್ತದೆ, 1024ರದ್ದಲ್ಲ.

ಆದರೂ ಮರುದಿನ ಬೆಳಗ್ಗೆ ಎರಡು ಮೂರು ಸಲ ಚೀಟಿ ತಡೆದು ಬಂತು. ಇದನ್ನು ಹಿಡಿಯಲು ನನಗೆ ಒಂದು ವಾರವೇ ಬೇಕಾಯಿತು. ಡೇಟಾಬೇಸೂ ಬ್ಯಾಕಪ್ಪೂ ಒಂದೇ ಫೈಲ್‌ಸಿಸ್ಟಮ್, ಅಂದರೆ ಬದಲಾವಣೆಗಳನ್ನು ಮೊದಲು ಗುರುತು ಹಾಕಿಡುವ ಜರ್ನಲ್ಲೂ ಒಂದೇ. ಬ್ಯಾಕಪ್ಪಿನ ಬರಹ ಮಿತಿಯ ಸಾಲಿನಲ್ಲಿ ಕಾಯುತ್ತಿದ್ದರೆ ಜರ್ನಲ್ ಅದಕ್ಕಾಗಿ ನಿಲ್ಲುತ್ತದೆ. ಆ ಜರ್ನಲ್ಲಿಗೆ ಡೇಟಾಬೇಸಿನ ಎಫ್‌ಸಿಂಕ್ ಕಾಯುತ್ತದೆ. ನಿಧಾನದವರ ಹಿಂದೆ ಅವಸರದವರು ಸಿಕ್ಕಿಕೊಂಡ ಹಾಗೆ. ಬ್ಯಾಕಪ್ಪಿಗೆ ಬೇರೆ ವರ್ಚುವಲ್ ಡಿಸ್ಕ್ ಕೊಟ್ಟು, ಅದರಲ್ಲಿ ಬೇರೆ ಫೈಲ್‌ಸಿಸ್ಟಮ್ ಮಾಡಿ, ಮಿತಿಯ ಸಾಲಿನಲ್ಲಿ ಹೊಸ ಡಿಸ್ಕಿನ ಹೆಸರು ಬರೆದೆ. ಕೆಳಗಿರುವ ಹಾರ್ಡ್‌ಡಿಸ್ಕ್ ಅದೇ ಆದ್ದರಿಂದ ಮಿತಿ ತೆಗೆಯುವಂತಿಲ್ಲ.

ಈಗ ಬ್ಯಾಕಪ್ಪಿಗೆ 35 ನಿಮಿಷ ಹಿಡಿಯುತ್ತದೆ. ಹಾಲು ಅಳೆಯುವ ಅಕ್ಕ ತೂಕ ಒತ್ತಿದ ತಕ್ಷಣ ಚೀಟಿ ಹರಿದು ಕೊಡುತ್ತಾರೆ.